ಮೊಸರಿನೊಳಗಿನ ಸಕ್ಕರೆ, ಸಕ್ಕರೆಯಲ್ಲದ ಸಿಹಿ

ರಾತ್ರಿ ಹಾಲಿಗೆ ಹೆಪ್ಪು ಹಾಕಿಟ್ಟರೆ ಬೆಳಗಾಗುವುದರೊಳಗೆ ಅದು ಗಟ್ಟಿಯಾದ ಮೊಸರಾಗಿರುತ್ತದೆ. ಹಾಲು ಸಿಹಿ, ಮೊಸರು ಹುಳಿ. ಹಾಗಾದರೆ ಹಾಲಿನಲ್ಲಿದ್ದ ಸಕ್ಕರೆ ಎಲ್ಲಿ ಹೋಯಿತು? ಅದೆಲ್ಲವೂ ಹುಳಿಯಾಗಿ ಮಾರ್ಪಟ್ಟಿತೇ, ಅಥವಾ ಹುಳಿಯ ಮರೆಯಲ್ಲಿ ಇನ್ನೂ ಅಡಗಿದೆಯೇ? ಪ್ರಶ್ನೆ ಮೇಲುನೋಟಕ್ಕೆ ಅಲ್ಪವಾದುದೆಂದು ತೋರಬಹುದು. ಆದರೆ ಮಧುಮೇಹದ ಕಾರಣದಿಂದಲೋ ಬೊಜ್ಜನ್ನು ಕರಗಿಸುವ ಸಲುವಾಗಿಯೋ ಅನ್ನ, ಮುದ್ದೆ, ಚಪಾತಿಗಳನ್ನು ಕಡಿಮೆಮಾಡಿ, ತಾವು ತಿನ್ನುವ ಪಿಷ್ಟ ಮತ್ತು ಸಕ್ಕರೆಗಳನ್ನು ಗ್ರಾಮುಗಳಲ್ಲಿ ಲೆಕ್ಕವಿಡುವವರಿಗೆ ಇದು ಪ್ರತಿದಿನ ಎದುರಾಗುವ ಪ್ರಶ್ನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನ ಮಧುಮೇಹಿಗಳಿದ್ದಾರೆ. ಇದನ್ನು ಓದುತ್ತಿರುವ ಅನೇಕ ವಿದ್ಯಾರ್ಥಿಗಳ ಮನೆಗಳಲ್ಲಿಯೇ ಅಂತಹ ಹಿರಿಯರೊಬ್ಬರು ಇರಬಹುದು. ಊಟದ ಕೊನೆಗೆ ಮೊಸರನ್ನು ಹಾಕಿಕೊಳ್ಳಬಹುದೇ, ಅದಕ್ಕೆ ಸಕ್ಕರೆಯ ಬದಲು ಗುಳಿಗೆಯೊಂದನ್ನು ಬೆರೆಸಬಹುದೇ ಎಂದು ಅವರು ಕೇಳಿದರೆ, ಉತ್ತರ ಹೇಳಲು ಬೇಕಾದ ರಸಾಯನಶಾಸ್ತ್ರವೆಲ್ಲ ನಿಮ್ಮ ಪಠ್ಯಪುಸ್ತಕದಲ್ಲಿಯೇ ಉಂಟು.

ಮೊದಲು ಈ ಪಥ್ಯದ ವಿಚಾರವಾಗಿ ಎರಡು ಮಾತು. ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬಾತ ಶವಸಂಸ್ಕಾರದ ವ್ಯವಸ್ಥೆಯನ್ನು ವೃತ್ತಿಯಾಗಿಟ್ಟುಕೊಂಡವನು, ಬಲು ಸ್ಥೂಲಕಾಯನು. ವಿಲಿಯಂ ಹಾರ್ವೆ ಎಂಬ ಶಸ್ತ್ರವೈದ್ಯನ ಸಲಹೆಯಂತೆ ಬ್ರೆಡ್ಡು, ಸಕ್ಕರೆ, ಬಿಯರು, ಆಲೂಗೆಡ್ಡೆ ಮುಂತಾದುವನ್ನು ತ್ಯಜಿಸಿ ತೂಕವನ್ನು ಇಳಿಸಿಕೊಂಡು, ತನ್ನ ಅನುಭವವನ್ನು 1863ರಲ್ಲಿ ಒಂದು ಕಿರುಹೊತ್ತಗೆಯಾಗಿ ಅಚ್ಚುಹಾಕಿಸಿದನು. (ರಕ್ತಪರಿಚಲನೆಯನ್ನು ಕಂಡುಹಿಡಿದ ಹಾರ್ವೆ ಬೇರೆ, 1921ರಲ್ಲಿ ಟೊರಾಂಟೋ ನಗರದಲ್ಲಿ ಇನ್ಸುಲಿನ್ನನ್ನು ಬೇರ್ಪಡಿಸಿದ ಬ್ಯಾಂಟಿಂಗ್ ಸಹ ಬೇರೆ. ಇತಿಹಾಸ ಇಲ್ಲಿ ಹೆಸರುಗಳ ವಿಷಯದಲ್ಲಿ ಕೊಂಚ ಜಿಪುಣತನ ತೋರಿಸಿದೆ.) ಇನ್ಸುಲಿನ್ ದೊರೆಯುವುದಕ್ಕೆ ಮುಂಚೆ ಮಧುಮೇಹಿಗಳ ಆಯುಸ್ಸನ್ನು ತುಸುವಾದರೂ ನೀಡಿಸಲು ವೈದ್ಯರ ಕೈಯಲ್ಲಿದ್ದ ಮುಖ್ಯ ಉಪಾಯವೇ ಶರ್ಕರಪಿಷ್ಟಗಳನ್ನು ಬಿಡಿಸುವುದಾಗಿತ್ತು. ಇಂದಿನ ವೈದ್ಯರು ದಿನಕ್ಕೆ 130 ಗ್ರಾಮಿಗಿಂತ ಕಡಿಮೆ ಶರ್ಕರಪಿಷ್ಟವಿರುವ ಆಹಾರವನ್ನು ಅಲ್ಪಪಿಷ್ಟ ಪಥ್ಯವೆಂದು ಎಣಿಸುವುದು ವಾಡಿಕೆ. ಇನ್ನೂ ಬಿಗಿಯಾದ ಪಥ್ಯದಲ್ಲಿ ಈ ಮಿತಿ 20 ರಿಂದ 50 ಗ್ರಾಮುಗಳಿಗೆ ಇಳಿಯುತ್ತದೆ. ಆಗ ದೇಹವು ಗ್ಲೂಕೋಸಿನ ಅಭಾವದಿಂದ ಕೊಬ್ಬನ್ನೇ ಮುಖ್ಯ ಇಂಧನವಾಗಿ ಉರಿಸತೊಡಗಿ, ಯಕೃತ್ತು ಆ ಕೊಬ್ಬಿನಿಂದ ಕೀಟೋನುಗಳೆಂಬ ವಸ್ತುಗಳನ್ನು ತಯಾರಿಸುತ್ತದೆ.

ಈ ಅಂಕಿಗಳನ್ನು ನೆನಪಿನಲ್ಲಿಟ್ಟುಕೊಂಡು ಮೊಸರಿನ ಗಡಿಗೆಯ ಬಳಿಗೆ ಹೋಗೋಣ.

ಹುಳಿಯ ಲೆಕ್ಕ

100 ಗ್ರಾಂ ಹಾಲಿನಲ್ಲಿ ಹೆಚ್ಚುಕಡಿಮೆ 4.8 ಗ್ರಾಂ ಸಕ್ಕರೆಯಿರುತ್ತದೆ. ಇದು ಕಬ್ಬಿನ ಸಕ್ಕರೆಯಲ್ಲ; ಲ್ಯಾಕ್ಟೋಸು ಅಥವಾ ಹಾಲುಸಕ್ಕರೆ. ಗ್ಲೂಕೋಸಿನ ಒಂದು ಅಣುವೂ ಗ್ಯಾಲಕ್ಟೋಸಿನ ಒಂದು ಅಣುವೂ ಕೈಹಿಡಿದುಕೊಂಡಂತೆ ಸೇರಿ ಇದು ಉಂಟಾಗಿದೆ. ಹೆಪ್ಪಿನೊಡನೆ ನಾವು ಹಾಲಿಗೆ ಬಿಡುವ ಬ್ಯಾಕ್ಟೀರಿಯಾಗಳು ಈ ಹಾಲುಸಕ್ಕರೆಯನ್ನು ಸೀಳಿ, ಅದರಿಂದ ತಮ್ಮ ಜೀವನಕ್ಕೆ ಬೇಕಾದ ಶಕ್ತಿಯನ್ನು ಪಡೆದು, ಲ್ಯಾಕ್ಟಿಕ್ ಆಮ್ಲವನ್ನು ಹೊರಕ್ಕೆ ಬಿಡುತ್ತವೆ. ಆಮ್ಲ ಹೆಚ್ಚಿದಂತೆ ಹಾಲಿನ ಕೇಸೀನ್ ಎಂಬ ಪ್ರೋಟೀನು ಕರಣೆಗಟ್ಟುತ್ತದೆ, ಪಿಎಚ್ 4.6ರ ಸುಮಾರಿಗೆ ಬಂದಾಗ ಹಾಲೆಲ್ಲ ಹೆಪ್ಪುಗಟ್ಟಿರುತ್ತದೆ. 1905ರಲ್ಲಿ ಜಿನೀವಾದಲ್ಲಿ ಸಂಶೋಧನೆ ನಡೆಸುತ್ತಿದ್ದ ಸ್ಟಾಮೆನ್ ಗ್ರಿಗೊರೊವ್ ಎಂಬ ಬಲ್ಗೇರಿಯದ ವಿದ್ಯಾರ್ಥಿ ತನ್ನ ನಾಡಿನ ಮೊಸರಿನಲ್ಲಿ ಕಡ್ಡಿಯಾಕಾರದ ಒಂದು ಬ್ಯಾಕ್ಟೀರಿಯವನ್ನು ಗುರುತಿಸಿದನು. ಲ್ಯಾಕ್ಟೋಬ್ಯಾಸಿಲಸ್ ಬಲ್ಗ್ಯಾರಿಕಸ್ ಎಂದು ಪ್ರಸಿದ್ಧಿಗೆ ಬಂದುದು ಇದೇ. ಕಾರ್ಖಾನೆಯ ಯೋಗರ್ಟಿನಲ್ಲಿ ಇದೂ ಸ್ಟ್ರೆಪ್ಟೊಕಾಕಸ್ ಥರ್ಮೊಫಿಲಸ್ ಎಂಬ ಇನ್ನೊಂದೂ ಜೊತೆಗೂಡಿ ಕೆಲಸ ಮಾಡುತ್ತವೆ. ನಮ್ಮ ಮನೆಯ ಹೆಪ್ಪಿನಲ್ಲಾದರೋ ಹಲವು ಜಾತಿಗಳ ಸಂತೆಯೇ ನೆರೆದಿರುತ್ತದೆ.

ಈಗ ಲೆಕ್ಕ. ಹಾಲುಸಕ್ಕರೆಯ ಅಣುತೂಕ 342. ಅದಕ್ಕೆ ನೀರಿನ ಒಂದು ಅಣುವನ್ನು (18) ಕೂಡಿಸಿದರೆ 360. ಲ್ಯಾಕ್ಟಿಕ್ ಆಮ್ಲದ ಅಣುತೂಕ 90. ಆದುದರಿಂದ ಹಾಲುಸಕ್ಕರೆಯ ಒಂದು ಅಣು ಪೂರ್ಣವಾಗಿ ಹುಳಿತರೆ ಆಮ್ಲದ ನಾಲ್ಕು ಅಣುಗಳು ಹುಟ್ಟುತ್ತವೆ. ಎಂದರೆ 1 ಗ್ರಾಂ ಆಮ್ಲ ಹುಟ್ಟಬೇಕಾದರೆ 0.95 ಗ್ರಾಂ ಸಕ್ಕರೆ ವ್ಯಯವಾಗಬೇಕು. ಮೊಸರಿನಲ್ಲಿ ಎಷ್ಟು ಆಮ್ಲವಿದೆಯೆಂದು ಅಳೆದರೆ ಎಷ್ಟು ಸಕ್ಕರೆ ಹೋಯಿತೆಂಬುದು ತಾನಾಗಿಯೇ ತಿಳಿಯುತ್ತದೆ.

ಇದನ್ನು ಕಾಲೇಜಿನ ಪ್ರಯೋಗಶಾಲೆಯಲ್ಲಿ ಅಧ್ಯಾಪಕರ ಸಮ್ಮುಖದಲ್ಲಿ ಅರ್ಧ ಗಂಟೆಯಲ್ಲಿ ಮಾಡಿನೋಡಬಹುದು. 10 ಗ್ರಾಂ ಮೊಸರನ್ನು ಶುದ್ಧವಾದ ನೀರಿನಲ್ಲಿ ಚೆನ್ನಾಗಿ ಕದಡಿ, ಕೆಲವು ತೊಟ್ಟು ಫಿನಾಲ್ಫ್ತಲೀನ್ ಹಾಕಿ, ಬ್ಯೂರೆಟ್ಟಿನಿಂದ ಹತ್ತನೆಯ ಒಂದು ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ತೊಟ್ಟುತೊಟ್ಟಾಗಿ ಬಿಡಬೇಕು. ತಿಳಿಗುಲಾಬಿ ಬಣ್ಣ ಬಂದು ನಿಂತಾಗ ಓದಿಕೊಳ್ಳಬೇಕು. ದ್ರಾವಣದ 1 ಮಿಲಿಲೀಟರು 0.009 ಗ್ರಾಂ ಲ್ಯಾಕ್ಟಿಕ್ ಆಮ್ಲಕ್ಕೆ ಸಮ. 9 ಮಿಲಿಲೀಟರು ಹಿಡಿಯಿತೆಂದು ಇಟ್ಟುಕೊಳ್ಳೋಣ. ಆದರೆ ಇಷ್ಟೂ ಹುಳಿಯಿಂದ ಬಂದುದಲ್ಲ. ಹೆಪ್ಪು ಹಾಕದ ತಾಜಾ ಹಾಲನ್ನೇ ಹೀಗೆ ಪರೀಕ್ಷಿಸಿದರೂ ಅದರ ಪ್ರೋಟೀನು, ಫಾಸ್ಫೇಟುಗಳ ದೆಸೆಯಿಂದ 1.5 ಮಿಲಿಲೀಟರಿನಷ್ಟು ಖರ್ಚಾಗುತ್ತದೆ. ಅದನ್ನು ಕಳೆದರೆ ಉಳಿಯುವುದು 7.5. ಇದು 0.0675 ಗ್ರಾಂ ಆಮ್ಲ. 100 ಗ್ರಾಂ ಮೊಸರಿಗೆ 0.675 ಗ್ರಾಂ. ಇದಕ್ಕಾಗಿ ಹೋದ ಸಕ್ಕರೆ 0.64 ಗ್ರಾಂ. ಹಾಲಿನಲ್ಲಿದ್ದ 4.8 ಗ್ರಾಮಿನಲ್ಲಿ ಇದನ್ನು ಕಳೆಯಿರಿ: ಇನ್ನೂ ಸುಮಾರು 4.2 ಗ್ರಾಂ ಸಕ್ಕರೆ ಗಡಿಗೆಯಲ್ಲಿಯೇ ಇದೆ!

ಬಾಯಿಗಿಟ್ಟರೆ ಹಲ್ಲು ಚುಳ್ಳೆನ್ನುವಷ್ಟು ಹುಳಿಯಾದ ಮೊಸರಿನಲ್ಲಿಯೂ ಆಮ್ಲವು ಶೇಕಡಾ ಒಂದೂಕಾಲರ ಸುತ್ತಮುತ್ತ ಇರುತ್ತದೆ. ಆಗಲೂ ಸಕ್ಕರೆಯ ಮುಕ್ಕಾಲು ಪಾಲು ಉಳಿದೇ ಇರುತ್ತದೆ. ಮೊಸರಿನ ಬ್ಯಾಕ್ಟೀರಿಯಾಗಳು ಸಕ್ಕರೆ ಮುಗಿಯಿತೆಂದು ಕೆಲಸವನ್ನು ನಿಲ್ಲಿಸುವುದಿಲ್ಲ. ತಾವೇ ಉತ್ಪತ್ತಿಮಾಡಿದ ಆಮ್ಲವನ್ನು ತಾಳಲಾರದೆ ನಿಲ್ಲಿಸುತ್ತವೆ. ಇನ್ನೊಂದು ಸಂಗತಿಯೂ ಇದೆ. ಯೋಗರ್ಟಿನ ಬ್ಯಾಕ್ಟೀರಿಯಾಗಳು ಹಾಲುಸಕ್ಕರೆಯನ್ನು ಸೀಳಿದ ಮೇಲೆ ಗ್ಲೂಕೋಸಿನ ಪಾಲನ್ನು ತಾವು ಬಳಸಿಕೊಂಡು, ಗ್ಯಾಲಕ್ಟೋಸಿನ ಪಾಲನ್ನು ಬಹುಮಟ್ಟಿಗೆ ಹೊರಗೆಸೆಯುತ್ತವೆ. ಅದೂ ಸಕ್ಕರೆಯೇ, ನಮ್ಮ ಯಕೃತ್ತು ಅದನ್ನು ಗ್ಲೂಕೋಸಾಗಿ ಮಾರ್ಪಡಿಸಿಕೊಳ್ಳಬಲ್ಲುದು.

ಈ ಲೆಕ್ಕಕ್ಕೆ ಇಷ್ಟು ಪುಟ ಕೊಟ್ಟುದಕ್ಕೆ ಕಾರಣವಿದೆ. ಅಲ್ಪಪಿಷ್ಟ ಪಥ್ಯ ಮಾಡುವವರಲ್ಲಿ ಒಂದು ನಂಬಿಕೆ ಹಬ್ಬಿದೆ. ಆಹಾರಕೋಷ್ಟಕಗಳಲ್ಲಿ ಶರ್ಕರಪಿಷ್ಟವನ್ನು ಅನೇಕ ವೇಳೆ ನೇರವಾಗಿ ಅಳೆಯುವುದಿಲ್ಲ. ಪದಾರ್ಥದ ತೂಕದಲ್ಲಿ ನೀರು, ಪ್ರೋಟೀನು, ಕೊಬ್ಬು, ಬೂದಿ ಇವನ್ನು ಕಳೆದು, ಮಿಕ್ಕುದೆಲ್ಲ ಶರ್ಕರಪಿಷ್ಟವೆಂದು ಬರೆಯುತ್ತಾರೆ. ಹೀಗೆ ಬರೆದಾಗ ಲ್ಯಾಕ್ಟಿಕ್ ಆಮ್ಲವೂ ಶರ್ಕರಪಿಷ್ಟದ ಖಾತೆಗೇ ಸೇರಿಬಿಡುತ್ತದೆ. ಇಷ್ಟು ನಿಜ. ಇದರ ಮೇಲೆ ಕಟ್ಟಿದ ತೀರ್ಮಾನವೇನೆಂದರೆ, ಒಂದು ದೊಡ್ಡ ಬಟ್ಟಲು, ಎಂದರೆ ಸುಮಾರು 240 ಗ್ರಾಂ ಮೊಸರಿನಲ್ಲಿ ವಾಸ್ತವವಾಗಿ ಇರುವುದು 4 ಗ್ರಾಂ ಸಕ್ಕರೆ ಮಾತ್ರ, ಉಳಿದುದೆಲ್ಲ ಆಮ್ಲ ಎಂಬುದು. ನಮ್ಮ ತಕ್ಕಡಿಯಲ್ಲಿ ಇದನ್ನು ತೂಗೋಣ. 240 ಗ್ರಾಮಿಗೆ 4 ಎಂದರೆ 100ಕ್ಕೆ 1.7 ಗ್ರಾಂ. ಹಾಗಿರಬೇಕಾದರೆ 3.1 ಗ್ರಾಂ ಸಕ್ಕರೆ ಆಮ್ಲವಾಗಿರಬೇಕು. ಆಮ್ಲದ ಪ್ರಮಾಣ ಶೇಕಡಾ 3ನ್ನು ಮೀರಬೇಕು. ಅಂತಹ ಮೊಸರನ್ನು ಯಾರೂ ಉಣ್ಣಲಾರರು. ಆಮ್ಲ ಲೆಕ್ಕದೊಳಗೆ ಸೇರಿಕೊಂಡಿದೆಯೆಂಬುದು ಸರಿ, ಆದರೆ ಅದು ರೂಪಾಯಿಯಲ್ಲಿ ಎರಡಾಣೆಯಷ್ಟು, ಹನ್ನೆರಡಾಣೆಯಷ್ಟಲ್ಲ. 240 ಗ್ರಾಂ ಬಟ್ಟಲಿಗೆ 10 ಗ್ರಾಂ ಸಕ್ಕರೆಯೆಂದು ಹಿಡಿಯುವುದೇ ಸುರಕ್ಷಿತ.

ಹಾಗೆಂದು ಮೊಸರನ್ನು ಬಿಡಬೇಕೇ? ದಿನಕ್ಕೆ 130 ಗ್ರಾಮಿನ ಮಿತಿಯುಳ್ಳವರಿಗೆ ಒಂದು ಬಟ್ಟಲಿನ 10 ಗ್ರಾಂ ದೊಡ್ಡ ಮಾತಲ್ಲ. 20 ಗ್ರಾಮಿನ ಕಟ್ಟುನಿಟ್ಟಿನವರಿಗೆ ಮಾತ್ರ ಅದು ದಿನದ ಅರ್ಧಭಾಗವನ್ನು ನುಂಗಿಬಿಡುತ್ತದೆ. ನಿಜವಾದ ಭಾರ ಎಲ್ಲಿದೆಯೆಂಬುದನ್ನು ನಮ್ಮ ಮೊಸರನ್ನವೇ ಹೇಳುತ್ತದೆ. ಬೇಯಿಸಿದ ಅನ್ನ 100 ಗ್ರಾಮಿಗೆ ಸುಮಾರು 28 ಗ್ರಾಂ ಪಿಷ್ಟ. ಮೊಸರು 100 ಗ್ರಾಮಿಗೆ ನಾಲ್ಕು ಚಿಲ್ಲರೆ. ಮಧುಮೇಹದ ಹೆದರಿಕೆಯಿಂದ ಮೊಸರನ್ನು ಬಿಟ್ಟು, ಸಾರಿನಲ್ಲಿಯೇ ಎರಡು ಸಾರಿ ಅನ್ನ ಹಾಕಿಸಿಕೊಳ್ಳುವ ಹಿರಿಯರನ್ನು ನೋಡಿದಾಗ, ಈ ಎರಡು ಅಂಕಿಗಳನ್ನು ಅಡಿಗೆಮನೆಯ ಗೋಡೆಯ ಮೇಲೆ ಬರೆದಿಡಬೇಕೆಂದು ನನಗೆ ಅನಿಸುವುದುಂಟು.

ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದರೆ ಸಕ್ಕರೆಯೆಲ್ಲ ತಿಳಿನೀರಿನೊಡನೆ ಇಳಿದುಹೋಗುವುದೆಂದು ಕೆಲವರು ತಿಳಿದಿದ್ದಾರೆ. ಹಾಲುಸಕ್ಕರೆ ಮೊಸರಿನ ನೀರಿನಲ್ಲಿ ಕರಗಿದೆಯಾಗಿ, ನೀರು ಹೋದಷ್ಟೇ ಸಕ್ಕರೆ ಹೋಗುತ್ತದೆ, ಉಳಿದ ನೀರಿನಲ್ಲಿ ಉಳಿಯುತ್ತದೆ. ಒಂದು ಕಿಲೋಗ್ರಾಂ ಮೊಸರಿನಿಂದ ಅರ್ಧ ಕಿಲೋಗ್ರಾಂ ತಿಳಿನೀರನ್ನು ಬಸಿದರೆ, ಇದ್ದ 42 ಗ್ರಾಂ ಸಕ್ಕರೆಯಲ್ಲಿ 22 ಗ್ರಾಂ ಹೊರಟುಹೋಗಿ 20 ಗ್ರಾಂ ಉಳಿಯುತ್ತದೆ. ಉಳಿದ ಗಟ್ಟಿಯಲ್ಲಿ 100 ಗ್ರಾಮಿಗೆ 4 ಗ್ರಾಂ; ಮೊದಲಿಗಿಂತ ಹೆಚ್ಚೇನೂ ಇಳಿಯಲಿಲ್ಲ! ಪ್ರೋಟೀನು ಮಾತ್ರ ಇಮ್ಮಡಿಯಾಗುತ್ತದೆ, ಆದುದರಿಂದ ಸ್ವಲ್ಪ ತಿಂದರೂ ಹೊಟ್ಟೆ ತುಂಬುತ್ತದೆ. ಕಟ್ಟಿದ ಮೊಸರಿನ ಗುಣವಿರುವುದು ಇದರಲ್ಲಿ. ಸಕ್ಕರೆಯನ್ನು ನಿಜವಾಗಿ ತೆಳುಮಾಡುವುದು ನಮ್ಮ ಮಜ್ಜಿಗೆ. ಒಂದು ಪಾಲು ಮೊಸರಿಗೆ ಮೂರು ಪಾಲು ನೀರು ಬೆರೆಸಿ ಕಡೆದರೆ ದೊಡ್ಡ ಲೋಟಕ್ಕೂ 2 ಗ್ರಾಂ ಸಕ್ಕರೆ. ಅದಕ್ಕೆ ಉಪ್ಪು, ಶುಂಠಿ, ಕರಿಬೇವು ಹಾಕಿಕೊಂಡವರಿಗೆ ಮುಂದಿನ ಭಾಗವನ್ನು ಓದುವ ಅಗತ್ಯವೇ ಇಲ್ಲ.

ಮೊಸರು ರಕ್ತದಲ್ಲಿ ಗ್ಲೂಕೋಸನ್ನು ಅಷ್ಟಾಗಿ ಏರಿಸುವುದಿಲ್ಲವೆಂಬುದು ಹಲವು ಪರೀಕ್ಷೆಗಳಿಂದ ಸಿದ್ಧಪಟ್ಟಿದೆ. ಆದರೆ 2001ರಲ್ಲಿ ಸ್ವೀಡನ್ನಿನ ಸಂಶೋಧಕರು ವಿಚಿತ್ರವೊಂದನ್ನು ಕಂಡರು. ಹಾಲು ಮತ್ತು ಹುಳಿಹಾಲುಗಳು ಗ್ಲೂಕೋಸನ್ನು ಸ್ವಲ್ಪವೇ ಏರಿಸಿದರೂ, ಇನ್ಸುಲಿನ್ನನ್ನು ಮಾತ್ರ ಬಿಳಿಯ ಬ್ರೆಡ್ಡಿನ ಸಮಸಮಕ್ಕೆ ಏರಿಸುತ್ತವೆ. ಹಾಲಿನ ಪ್ರೋಟೀನುಗಳೇ ಇದಕ್ಕೆ ಕಾರಣವೆಂದು ಭಾವಿಸಲಾಗಿದೆ. 2024ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ವಾರಕ್ಕೆ ಎರಡು ಬಟ್ಟಲು ಯೋಗರ್ಟು ಎರಡನೆಯ ಬಗೆಯ ಮಧುಮೇಹದ ಸಂಭವವನ್ನು ಕಡಿಮೆಮಾಡಬಹುದು ಎಂದು ಪೊಟ್ಟಣಗಳ ಮೇಲೆ ಬರೆಯಲು ಅವಕಾಶ ಕೊಟ್ಟಿತು. ಆದರೆ ಸಾಕ್ಷ್ಯವು ಪರಿಮಿತವಾದುದೆಂದೂ ಜೊತೆಯಲ್ಲೇ ಬರೆಯಬೇಕೆಂದು ವಿಧಿಸಿತು. ಆ ಎರಡನೆಯ ಮಾತನ್ನು ಜಾಹೀರಾತುಗಳು ಸಣ್ಣ ಅಕ್ಷರದಲ್ಲಿ ಅಚ್ಚುಹಾಕುವುದು ಸಹಜ.

ಸಿಹಿಯ ಬದಲಿಗಳು

ತೊಂದರೆ ಬರುವುದು ಮೊಸರಿನಿಂದ ಅಲ್ಲ, ಅದರೊಡನೆ ಬರುವ ಸಿಹಿಯಿಂದ. ನಾಲ್ಕು ಚಮಚ ಸಕ್ಕರೆ ಹಾಕಿದ ಲಸ್ಸಿಯಲ್ಲಿ, ಹಾಲುಸಕ್ಕರೆಯಲ್ಲದೆ, 16 ರಿಂದ 20 ಗ್ರಾಂ ಸಕ್ಕರೆ ಸೇರುತ್ತದೆ. ಬೆಲ್ಲವೋ ಜೇನುತುಪ್ಪವೋ ಹಾಕಿದರೆ ದೋಷವಿಲ್ಲವೆಂಬ ಭಾವನೆ ತಪ್ಪು. ಬೆಲ್ಲದ ಬಹುಭಾಗವೂ ಕಬ್ಬಿನ ಸಕ್ಕರೆಯೇ. ಆದುದರಿಂದ ಪಥ್ಯದವರು ಸಕ್ಕರೆಯಲ್ಲದ ಸಿಹಿಯನ್ನು ಹುಡುಕುತ್ತಾರೆ.

ಇವುಗಳ ಚರಿತ್ರೆ ಪ್ರಯೋಗಶಾಲೆಯ ಅಶಿಸ್ತಿನ ಚರಿತ್ರೆಯೆಂದರೂ ಸಲ್ಲುವುದು. 1879ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ರೆಮ್ಸೆನ್ನರ ಬಳಿ ಕೆಲಸಮಾಡುತ್ತಿದ್ದ ಫಾಲ್ಬರ್ಗ್ ಕೈತೊಳೆಯದೆ ಊಟಕ್ಕೆ ಕುಳಿತಾಗ ಬ್ರೆಡ್ಡು ಸಿಹಿಯಾಗಿತ್ತು. ಹೀಗೆ ಸಕ್ಕರೆಗಿಂತ ಸುಮಾರು 300 ಪಟ್ಟು ಸಿಹಿಯಾದ ಸ್ಯಾಕರೀನ್ ದೊರೆಯಿತು. 1965ರಲ್ಲಿ ಶ್ಲಾಟರ್ ಎಂಬ ರಸಾಯನಜ್ಞನು ಕಾಗದವನ್ನೆತ್ತಲು ಬೆರಳನ್ನು ನಾಲಗೆಗೆ ತಗುಲಿಸಿದಾಗ ಆಸ್ಪರ್ಟೇಮ್ ಸಿಕ್ಕಿತು. ಇದು 200 ಪಟ್ಟು. 1976ರಲ್ಲಿ ಲಂಡನ್ನಿನ ಕ್ವೀನ್ ಎಲಿಜಬೆತ್ ಕಾಲೇಜಿನಲ್ಲಿ ನಮ್ಮ ದೇಶದವರಾದ ಶಶಿಕಾಂತ ಫಡ್ನಿಸ್ ಅವರಿಗೆ ಪದಾರ್ಥವೊಂದನ್ನು 'ಟೆಸ್ಟ್' ಮಾಡಲು ಹೇಳಿದಾಗ 'ಟೇಸ್ಟ್' ಎಂದು ಕೇಳಿಸಿತಂತೆ. ಅವರು ರುಚಿ ನೋಡಿಯೇಬಿಟ್ಟರು. 600 ಪಟ್ಟು ಸಿಹಿಯಾದ ಸುಕ್ರಲೋಸ್ ಬಂದುದು ಹೀಗೆ. (ವಿದ್ಯಾರ್ಥಿಗಳು ಇದನ್ನು ಮಾದರಿಯಾಗಿ ತೆಗೆದುಕೊಳ್ಳಬಾರದು. ರುಚಿ ನೋಡಿ ಸತ್ತ ರಸಾಯನಜ್ಞರ ಕತೆಗಳನ್ನು ಯಾವ ಕಾರ್ಖಾನೆಯೂ ಹೇಳುವುದಿಲ್ಲ.) ಸ್ಟೀವಿಯ ಮಾತ್ರ ಗಿಡದ ಎಲೆ, ಪರಾಗ್ವೇ ದೇಶದ ಗ್ವಾರಾನಿ ಜನರು ಬಹುಕಾಲದಿಂದ ಬಳಸುತ್ತಿದ್ದುದು.

300 ಪಟ್ಟು ಸಿಹಿಯೆಂದರೆ, ಒಂದು ಚಮಚ ಸಕ್ಕರೆಯ ಬದಲಿಗೆ 13 ಮಿಲಿಗ್ರಾಂ ಸಾಕು. ಇಷ್ಟು ಸೂಕ್ಷ್ಮವಾದ ಪ್ರಮಾಣವನ್ನು ಯಾರು ತಾನೇ ಚಮಚದಿಂದ ಅಳೆದಾರು? ಅದಕ್ಕಾಗಿ ತಯಾರಕರು ಅದನ್ನು ಬೇರೊಂದು ಪುಡಿಯಲ್ಲಿ ಬೆರೆಸಿ ಹಿಗ್ಗಿಸುತ್ತಾರೆ. ಮೋಸ ಹೋಗುವ ಸ್ಥಳ ಇದೇ. ಅನೇಕ ಪೊಟ್ಟಣಗಳಲ್ಲಿ ಆ ಪುಡಿ ಡೆಕ್ಸ್ಟ್ರೋಸ್ ಅಥವಾ ಮಾಲ್ಟೊಡೆಕ್ಸ್ಟ್ರಿನ್ ಆಗಿರುತ್ತದೆ. ಡೆಕ್ಸ್ಟ್ರೋಸ್ ಎಂಬುದು ಗ್ಲೂಕೋಸಿನ ಇನ್ನೊಂದು ಹೆಸರು. ಮಾಲ್ಟೊಡೆಕ್ಸ್ಟ್ರಿನ್ ಎಂದರೆ ಪಿಷ್ಟದ ತುಂಡುಗಳು. ಒಂದು ಗ್ರಾಮಿನ ಪೊಟ್ಟಣದಲ್ಲಿ ಹೆಚ್ಚುಕಡಿಮೆ ಒಂದು ಗ್ರಾಂ ಶರ್ಕರಪಿಷ್ಟವೇ ಇರಬಹುದು. ದಿನಕ್ಕೊಂದು ಪೊಟ್ಟಣದಿಂದ ಹಾನಿಯಿಲ್ಲ. 20 ಗ್ರಾಮಿನ ಮಿತಿಯವರು ಎಂಟು ಹತ್ತು ಪೊಟ್ಟಣಗಳನ್ನು ಬಳಸಿದರೆ, ಮೊಸರನ್ನು ದೂರಿ ಪ್ರಯೋಜನವಿಲ್ಲ. ಗುಳಿಗೆಯಲ್ಲಿಯೂ ದ್ರವರೂಪದ ತೊಟ್ಟುಗಳಲ್ಲಿಯೂ ಈ ಬೆರಕೆ ತೀರ ಕಡಿಮೆ.

ಎರಿಥ್ರಿಟಾಲ್ ಎಂಬುದು ಬೇರೆ ವರ್ಗದ್ದು. ಅದು ಸಕ್ಕರೆಯ ಮೂರನೆಯ ಎರಡರಷ್ಟು ಸಿಹಿ, ಬಾಯಲ್ಲಿ ತಣ್ಣಗೆನಿಸುತ್ತದೆ. ಸಣ್ಣ ಕರುಳಿನಲ್ಲಿ ಹೀರಲ್ಪಟ್ಟರೂ ದೇಹಕ್ಕೆ ಅದನ್ನು ಉರಿಸಲು ಬಾರದು, ಬಹುಭಾಗ ಮೂತ್ರದಲ್ಲಿ ಹೊರಬೀಳುತ್ತದೆ. 'ಸ್ಟೀವಿಯ' ಎಂಬ ಹೆಸರಿನ ಎಷ್ಟೋ ಡಬ್ಬಿಗಳಲ್ಲಿ ತುಂಬಿರುವುದು ಬಹುಪಾಲು ಇದೇ. ಇದೇ ವರ್ಗದ ಮಾಲ್ಟಿಟಾಲ್ ಅಷ್ಟು ಸಾಧುವಲ್ಲ. 'ಸಕ್ಕರೆರಹಿತ' ಮಿಠಾಯಿಗಳಲ್ಲಿ ಸೇರುವ ಅದು ರಕ್ತದ ಗ್ಲೂಕೋಸನ್ನು ತಕ್ಕಮಟ್ಟಿಗೆ ಏರಿಸುವುದು; ಹೆಚ್ಚು ತಿಂದರೆ ಹೊಟ್ಟೆಯೂ ಕೆಡುವುದು.

ಇವು ಅಪಾಯಕರವೇ? 1977ರ ಹೊತ್ತಿಗೆ ಇಲಿಗಳಲ್ಲಿ ಮೂತ್ರಕೋಶದ ಕ್ಯಾನ್ಸರನ್ನು ಕಂಡು ಸ್ಯಾಕರೀನ್ ಮೇಲೆ ಅಮೆರಿಕದಲ್ಲಿ ಎಚ್ಚರಿಕೆಯ ಚೀಟಿ ಬಂತು. ಇಲಿಯಲ್ಲಿ ನಡೆಯುವ ಆ ಕ್ರಿಯೆ ಮನುಷ್ಯನಿಗೆ ಅನ್ವಯಿಸುವುದಿಲ್ಲವೆಂದು ತಿಳಿದಮೇಲೆ 2000ದಲ್ಲಿ ಆ ಚೀಟಿ ಹೋಯಿತು. 2023ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಆಸ್ಪರ್ಟೇಮನ್ನು ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಗೆ, ದುರ್ಬಲ ಸಾಕ್ಷ್ಯದ ದರ್ಜೆಯಲ್ಲಿ, ಸೇರಿಸಿತು. ಅದೇ ಸಮಯಕ್ಕೆ ವಿಶ್ವಸಂಸ್ಥೆಯ ಆಹಾರ ತಜ್ಞರ ಸಮಿತಿ, ದೇಹತೂಕದ ಒಂದು ಕಿಲೋಗ್ರಾಮಿಗೆ ದಿನಕ್ಕೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನು ಬದಲಿಸಲು ಕಾರಣ ಕಾಣಲಿಲ್ಲ. 60 ಕಿಲೋಗ್ರಾಂ ತೂಕದವರಿಗೆ ಇದು 2,400 ಮಿಲಿಗ್ರಾಂ. ಗುಳಿಗೆಯೊಂದಕ್ಕೆ 20 ಮಿಲಿಗ್ರಾಮಿನಂತೆ ನೂರಿಪ್ಪತ್ತು ಗುಳಿಗೆ. ಫೀನೈಲ್‌ಕೀಟೊನೂರಿಯ ಎಂಬ ಹುಟ್ಟುರೋಗವುಳ್ಳವರು ಮಾತ್ರ ಆಸ್ಪರ್ಟೇಮನ್ನು ಮುಟ್ಟಲಾಗದು, ಏಕೆಂದರೆ ಅದರಲ್ಲಿ ಫೀನೈಲಲನೀನ್ ಇದೆ. ಎರಿಥ್ರಿಟಾಲಿನ ವಿಷಯದಲ್ಲಿ, ರಕ್ತದಲ್ಲಿ ಅದು ಹೆಚ್ಚಾಗಿದ್ದವರಲ್ಲಿ ಹೃದಯಾಘಾತಗಳೂ ಹೆಚ್ಚೆಂದು 2023ರಲ್ಲಿ ವರದಿಯಾಯಿತು. ದೇಹ ತಾನೇ ಸ್ವಲ್ಪ ಎರಿಥ್ರಿಟಾಲನ್ನು ತಯಾರಿಸುವುದರಿಂದ ಕಾರಣ ಯಾವುದು, ಪರಿಣಾಮ ಯಾವುದು ಎಂಬುದು ಆ ವರದಿಯೊಂದರಿಂದಲೇ ತೀರ್ಮಾನವಾಗದು. ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯವಾದುದು ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷ ಹೇಳಿದ ಮಾತು: ತೂಕವನ್ನು ಹತೋಟಿಯಲ್ಲಿಡುವ ಸಾಧನವೆಂದು ಸ್ಯಾಕರೀನ್, ಸ್ಟೀವಿಯ ಮುಂತಾದ ಸಿಹಿಗಳನ್ನು ನೆಚ್ಚಬಾರದು, ದೀರ್ಘಕಾಲದಲ್ಲಿ ಅದರಿಂದ ಪ್ರಯೋಜನ ಕಂಡುಬಂದಿಲ್ಲ. ಈ ಸಲಹೆ ಈಗಾಗಲೇ ಮಧುಮೇಹವಿರುವವರಿಗೆ ಅನ್ವಯಿಸುವುದಿಲ್ಲವೆಂದೂ ಸಂಸ್ಥೆ ಸ್ಪಷ್ಟಪಡಿಸಿದೆ. ಪರೀಕ್ಷೆಯ ದಿನಗಳಲ್ಲಿ ತೂಕ ಹೆಚ್ಚಿತೆಂದು ಗುಳಿಗೆಗೆ ಕೈಯಿಡುವ ವಿದ್ಯಾರ್ಥಿಗೆ ಒಂದು ಉತ್ತರ, ಅವನ ಮನೆಯ ಮಧುಮೇಹಿಗೆ ಬೇರೊಂದು ಉತ್ತರ.

ಮೊಸರಿಗೆ ಯಾವುದು ಒಪ್ಪುತ್ತದೆ? ಆಸ್ಪರ್ಟೇಮನ್ನು ಪಾಯಸದಲ್ಲಿ ಕುದಿಸಿದರೆ ಅಣು ಒಡೆದು ಸಿಹಿ ಕುಂದುತ್ತದೆ. ಆದರೆ ಅದು ಅತ್ಯಂತ ಸ್ಥಿರವಾಗಿರುವುದು ಪಿಎಚ್ 4.3ರ ಸುಮಾರಿನಲ್ಲಿ, ಎಂದರೆ ನಮ್ಮ ಮೊಸರಿನ ಹುಳಿಯಲ್ಲಿಯೇ. ತಣ್ಣನೆಯ ಲಸ್ಸಿಗೆ ಅದು ಹೇಳಿಮಾಡಿಸಿದಂತಿದೆ. ಸುಕ್ರಲೋಸು ಮತ್ತು ಸ್ಟೀವಿಯ ಬಿಸಿಯನ್ನೂ ಹುಳಿಯನ್ನೂ ಸಾಕಷ್ಟು ತಾಳುತ್ತವೆ; ಸ್ಟೀವಿಯದ ಕಹಿಛಾಯೆ ಮೊಸರಿನ ಹುಳಿಯಲ್ಲಿ ಕೊಂಚ ಮರೆಯಾಗುವುದು.

ಕಡೆಯದಾಗಿ, ಮದ್ದು ತೆಗೆದುಕೊಳ್ಳುತ್ತಿರುವ ಮಧುಮೇಹಿಗಳ ವಿಷಯ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡಿನಂತಹ ಗುಳಿಗೆ ನುಂಗುವವರು ವೈದ್ಯರಿಗೆ ತಿಳಿಸದೆ ಒಮ್ಮಿಂದೊಮ್ಮೆಗೇ ಅನ್ನ ಬಿಟ್ಟರೆ ಮದ್ದಿನ ಪ್ರಮಾಣ ಹೆಚ್ಚಾಗಿ ಪರಿಣಮಿಸಿ ರಕ್ತದ ಗ್ಲೂಕೋಸು ಅಪಾಯದ ಮಟ್ಟಕ್ಕೆ ಇಳಿಯಬಹುದು. ಡಪಾಗ್ಲಿಫ್ಲೋಜಿನ್ ವರ್ಗದ ಮದ್ದಿನವರಿಗೆ ಕಟ್ಟುನಿಟ್ಟಾದ ಅಲ್ಪಪಿಷ್ಟ ಪಥ್ಯದಿಂದ ಕೀಟೋನುಗಳು ಮಿತಿಮೀರಿ ರಕ್ತ ಆಮ್ಲೀಯವಾಗುವ ಭಯವುಂಟು. ಗ್ಲೂಕೋಸು 100 ಮಿಲಿಲೀಟರಿಗೆ 70 ಮಿಲಿಗ್ರಾಮಿಗಿಂತ ಇಳಿದು, ಬೆವರು, ನಡುಕ, ಕಣ್ಣುಮಂಜು ಕಾಣಿಸಿಕೊಂಡಾಗ ಮನೆಯವರು ಗಾಬರಿಯಲ್ಲಿ ಕೈಗೆ ಸಿಕ್ಕಿದ ಸಿಹಿಲಸ್ಸಿಯನ್ನು ಕುಡಿಸುವುದುಂಟು. ಅದರಲ್ಲಿ ಸುಕ್ರಲೋಸು ಹಾಕಿದ್ದರೆ ನಾಲಗೆಗೆ ಸಿಹಿಯೇ ಹೊರತು ರಕ್ತಕ್ಕೆ ಏನೂ ದೊರೆಯುವುದಿಲ್ಲ; ಇದ್ದ ಹಾಲುಸಕ್ಕರೆಯೂ ಸಾವಕಾಶವಾಗಿ ಸೇರುವಂಥದು. ಅಂತಹ ಸಮಯದಲ್ಲಿ ಬೇಕಾದುದು 15 ಗ್ರಾಂ ಗ್ಲೂಕೋಸು, ಅದಿಲ್ಲದಿದ್ದರೆ ಮೂರು ನಾಲ್ಕು ಚಮಚ ನಿಜವಾದ ಸಕ್ಕರೆಯನ್ನು ಕರಗಿಸಿದ ನೀರು. ಹದಿನೈದು ನಿಮಿಷದ ಮೇಲೆ ರಕ್ತವನ್ನು ಮತ್ತೆ ಪರೀಕ್ಷಿಸಿ, ಮಟ್ಟ ಏರದಿದ್ದರೆ ಇನ್ನೊಮ್ಮೆ ಅಷ್ಟನ್ನೇ ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು. ಮನೆಯಲ್ಲಿ ಯಾರೂ ಸಕ್ಕರೆ ತಿನ್ನದಿದ್ದರೂ, ಈ ಒಂದು ಕಾರಣಕ್ಕಾಗಿ ಸಣ್ಣ ಡಬ್ಬಿಯಲ್ಲಿ ಅದನ್ನು ತೆಗೆದಿಟ್ಟು, ಅದು ಎಲ್ಲಿದೆಯೆಂಬುದನ್ನು ಮಕ್ಕಳಿಗೂ ತೋರಿಸಿರಬೇಕು.